ಹುಲಿಗೆಪ್ಪನ ಬಿಳಿ ಬುಶ್ಶು

ಮುಷ್ಟಿಯಲ್ಲಿ ಮುಚ್ಚಿಟ್ಟರೆ ಕಾಣದಂತಾಗುವ ಒಂದು ಬಿಳಿ ಪ್ಲಾಸ್ಟಿಕ್ ಉಂಗುರ ಪುಣೆಯ ಭೋಸರಿಯ ಹುಲಿಗೆಪ್ಪನನ್ನು ಒಂದೇ ಹಗಲಿನಲ್ಲಿ ಮುದುಕನನ್ನಾಗಿ ಮಾಡಿತು. ಆಯುಧಪೂಜೆಯ ಖಂಡೇನವಮಿಯ ಬೆಳಿಗ್ಗೆ ಕಾಗೆಯ ರೆಕ್ಕೆಯಂತಿದ್ದ ಅವನ ಕೂದಲು ಸಂಜೆಯ ಹೊತ್ತಿಗೆ ಕೊಕ್ಕರೆಯ ಪುಕ್ಕವಾಗಿತ್ತು. ಅದು ಪೂಜೆಯ ವಿಭೂತಿ ಹಾರಿ ತಲೆಯ ಮೇಲೆ ಬಿದ್ದದ್ದು ಎನ್ನುವವರೂ ಇದ್ದಾರೆ. ಅಂಥವರು ಕಣ್ಣಾರೆ ಕಂಡದ್ದನ್ನೇ ನಂಬುವ ಜನ. ಅವರಿಗೆ ಕತೆ ಹೇಳಿ ಪ್ರಯೋಜನವಿಲ್ಲ.

ಹುಲಿಗೆಮ್ಮನ ಹರಕೆಯಿಂದ ಹುಟ್ಟಿದವನೆಂದು ಆ ಹೆಸರು. ಹರಕೆಗೆ ಒಲಿಯುವಾಗ ದೇವಿ ಹೆಸರನ್ನು ಮಾತ್ರ ಕೊಟ್ಟು ಧೈರ್ಯವನ್ನು ತನ್ನ ಬಳಿಯೇ ಇಟ್ಟುಕೊಂಡಿದ್ದಳು. ಹಲ್ಲಿ ಲೊಚಗುಟ್ಟಿದರೆ ಹುಲಿಗೆಪ್ಪ ಆ ದಿನ ರಜೆ ಹಾಕುತ್ತಿದ್ದ. ನಾಶಿಕ ರಸ್ತೆ ದಾಟಬೇಕಾದರೆ ಯಾವುದಾದರೂ ಎಮ್ಮೆ ಬರುವ ತನಕ ಕಾಯ್ದು, ಅದರ ಮರೆಯಲ್ಲಿ ದಾಟುತ್ತಿದ್ದ. ರಾತ್ರಿ ಪಕ್ಕದಲ್ಲಿ ಹೆಂಡತಿ ಕಲ್ಲವ್ವನ ಗೊರಕೆ ಕೇಳಿಸದಿದ್ದರೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಆ ಗೊರಕೆಯೂ ಸಾಮಾನ್ಯದ್ದಲ್ಲ. ಅದು ಶುರುವಾದರೆ ಕಾಸರವಾಡಿ ಸ್ಟೇಷನ್ನಿನಲ್ಲಿ ಮಲಗಿದ್ದವರು ಗಾಡಿ ಬಂತೆಂದು ಗಂಟು ಮೂಟೆ ಎತ್ತಿಕೊಳ್ಳುತ್ತಿದ್ದರು. ಅದರ ಕಾವಲಿನಲ್ಲಿ ಹುಲಿಗೆಪ್ಪ ಮಗುವಿನಂತೆ ಮಲಗುತ್ತಿದ್ದ. ಒಂದು ರಾತ್ರಿ ಕೂಡ ಅವಳನ್ನು ಬಿಟ್ಟು ಬೇರೆ ಊರಿನಲ್ಲಿ ಮಲಗಿದವನಲ್ಲ.

ಅವನ ನೌಕರಿ ಬಸವಪ್ರಭು ಸಾವಕಾರರ ಕಾರ್ಖಾನೆಯಲ್ಲಿ. ಕಾರ್ಖಾನೆ ಎಂದರೆ ನಾಲ್ಕು ಲೇಥು, ಒಂದು ಡ್ರಿಲ್ಲು ಮತ್ತು ಸಾವಕಾರರ ಗಂಟಲು. ಇಷ್ಟರಲ್ಲಿಯೇ ಅವರು ಫರಸಾಣ, ಪೇಡೆ, ಶೇವು ಮಾಡುವವರಿಗೆಲ್ಲ ಮಷಿನ್ನು ಮಾಡಿ ಕೊಡುತ್ತಿದ್ದರು. ಮಷಿನ್ನಿಗೆ ಬೇಕಾದ ಸಾಮಾನು ಕೊಂಡು ತರುವುದು ಹುಲಿಗೆಪ್ಪನ ಕೆಲಸ. ಆ ವರ್ಷ ಲೋಣಾವಳಾದ ಕೃಷ್ಣಾಜಿ ಸೇಠರಿಂದ ಚಿಕ್ಕಿ ಕತ್ತರಿಸುವ ಮಷಿನ್ನಿನ ಆರ್ಡರು ಬಂದಿತ್ತು. ಬೆಲ್ಲ, ಶೇಂಗಾ ಕುದಿಸಿ ಹಾಳೆಯಂತೆ ಹರಡಿದ ಚಿಕ್ಕಿಯನ್ನು ಬಿಸಿ ಆರುವ ಮೊದಲೇ ಕತ್ತಿಯ ಕೆಳಗೆ ತಳ್ಳಬೇಕು. ತಳ್ಳುವುದು ಒಂದು ದಪ್ಪ ಉಕ್ಕಿನ ಶಾಫ್ಟು. ಹಾವಿನ ನಾಲಿಗೆಯಂತೆ ಅದು ಗೂಡಿನಿಂದ ಹೊರಗೆ ಬಂದು ಒಳಗೆ ಹೋಗುತ್ತಿರಬೇಕು. ಶಾಫ್ಟು ಸಲೀಸಾಗಿ ಜಾರಲು ಗೂಡಿನಲ್ಲಿ ಬೇರಿಂಗು ಬೇಕು.

"ಸೋವಿ ಇರಬೇಕು, ಛಲೋ ಇರಬೇಕು, ಲಗೂನ ಸಿಗಬೇಕು," ಎಂದಿದ್ದರು ಸಾವಕಾರರು. ಈ ಮೂರೂ ಒಂದೇ ಅಂಗಡಿಯಲ್ಲಿ ಸಿಗುವುದು ಸ್ವರ್ಗದಲ್ಲಿ ಮಾತ್ರ. ಹುಲಿಗೆಪ್ಪ ಅದನ್ನು ಪುಣೆಯಲ್ಲಿ ಹುಡುಕಿದ. ಚಪ್ಪಲಿ ಸವೆದು ಕಾಲು, ಕಾಲು ಸವೆದು ಮೊಣಕಾಲು ಬರುವ ತನಕ ನಾನಾ ಪೇಟೆ, ಭವಾನಿ ಪೇಟೆ ಸುತ್ತಿದ. ಒಂದು ಜಾತಿಯ ಬೇರಿಂಗಿನೊಳಗೆ ಸಾಲುಸಾಲು ಉಕ್ಕಿನ ಗುಂಡು. ಬೆರಳು ಮುಟ್ಟಿಸಿದರೆ ಗುಂಡು ಓಡುತ್ತಿತ್ತು, ಬೆಲೆ ಕೇಳಿದರೆ ಗಿರಾಕಿ ಓಡುತ್ತಿದ್ದ. ಇನ್ನೊಂದು ಕಂಚಿನ ಬುಶ್ಶು, ಎಂದರೆ ಗುಂಡಿಲ್ಲದ ಬರಿಯ ಉಂಗುರ. ಸೋವಿ ಹೌದು, ಆದರೆ ದಿನಾ ಎಣ್ಣೆ ಕುಡಿದು, ಕುಡಿದದ್ದನ್ನೆಲ್ಲ ಚಿಕ್ಕಿಯ ಮೇಲೆ ಉಗುಳುವಂಥದು. ಕೊನೆಗೆ ಒಬ್ಬ ಮುದುಕ ಅಂಗಡಿಕಾರ ಕಪಾಟಿನ ಹಿಂದಿನಿಂದ ಬಿಳಿ ಪ್ಲಾಸ್ಟಿಕ್ಕಿನ ಬುಶ್ಶು ತೆಗೆದ. ಎಣ್ಣೆ ಬೇಡ, ತುಕ್ಕಿಲ್ಲ, ನೀರು ಹಾಕಿ ತೊಳೆದರೂ ಚಿಂತೆಯಿಲ್ಲ. ಬೆಲೆ ಹೇಳುವಾಗ ಅಂಗಡಿಕಾರನಿಗೇ ನಾಚಿಕೆಯಾಗಿ ಅತ್ತ ಮುಖ ತಿರುಗಿಸಿದ. ಹುಲಿಗೆಪ್ಪ ಮಷಿನ್ನಿಗೆ ಎರಡು, ಜೇಬಿಗೆ ಒಂದು ಎಂದು ಮೂರು ಕೊಂಡ. ಎರಡನ್ನು ಗೂಡಿಗೆ ಕೂಡಿಸಿ, ಮೇಲೆ ಮುಚ್ಚಳ ಹಾಕಿದ್ದಾಯಿತು.

ಸಾವಕಾರರು ಬಿಲ್ಲು ನೋಡಿ ನಕ್ಕರು. ಅವರು ನಕ್ಕರೆ ಮಾತ್ರ ಭಯಪಡಬೇಕು ಎಂಬುದು ಭೋಸರಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ಏನ ತಂದೀ ಅಂತ ನಾ ಕೇಳಂಗಿಲ್ಲ ಹುಲಿಗೆಪ್ಪ. ಸೋವಿ ತಂದಿ, ಶಾಣ್ಯಾ ಇದ್ದಿ. ಆದ್ರ ನವಮಿ ದಿನಾ ಕೃಷ್ಣಾಜಿ ಸೇಠ ನೋಡಾಕ ಬರ್ತಾರ. ಅವರ ಮುಂದ ಮಷಿನ್ ಒಂದ ಸಲ ನಿಂತ್ರೂ, ಮರುದಿನ ನೀ ಬನ್ನಿ ಮುಡಿಯೂದು ಬಾರಾಮತಿಯೊಳಗ."

ಬಾರಾಮತಿಯ ಕಡೆ ಒಂದು ಸಕ್ಕರೆ ಕಾರ್ಖಾನೆಯ ರಿಪೇರಿ ಕೆಲಸವನ್ನು ಸಾವಕಾರರು ಹಿಡಿದಿದ್ದರು. ಕಬ್ಬಿನ ನಡುವೆ ಒಂದು ತಗಡಿನ ಶೆಡ್ಡು, ಅದರಲ್ಲಿ ಒಂದೇ ಹಾಸಿಗೆ. ಹಿಂದೆ ಅಲ್ಲಿಗೆ ಕಳಿಸಿದ್ದ ಗುಮಾಸ್ತ ತಿರುಗಿ ಬಂದಾಗ ಮನುಷ್ಯರ ಮಾತು ಮರೆತು ನರಿಗಳ ಮಾತಿನಲ್ಲಿ ರಜೆ ಕೇಳಿದನಂತೆ. ಹುಲಿಗೆಪ್ಪ ಆ ಒಂಟಿ ಹಾಸಿಗೆಯನ್ನು ನೆನೆಸಿಕೊಂಡ. ಕತ್ತಲು, ಕಬ್ಬಿನ ಸರಸರ. ಗೊರಕೆಯಿಲ್ಲ.

ನವಮಿಯ ಬೆಳಿಗ್ಗೆ ತಡೆಯಲಾಗದೆ ಜೇಬಿನ ಬುಶ್ಶನ್ನು ಕಲ್ಲವ್ವನಿಗೆ ತೋರಿಸಿದ.

"ಇದ್ರಾಗ ಕಬ್ಬಿಣದ ದಂಡ ತಿರಗ್ಯಾಡ್ತದ ಏನ್ರಿ?" ಎಂದಳು ಕಲ್ಲವ್ವ, ಹೋಳಿಗೆ ಬೇಯಿಸುತ್ತ.

"ತಿರಗ್ಯಾಡೂದಲ್ಲ, ಜಾರ್ತದ."

"ಏನರ ಮಾಡ್ಲಿ. ಪ್ಲಾಸ್ಟಿಕ್ ಅಲ್ಲೇನು? ಹ್ವಾದ ವರ್ಷ ನಮ್ಮ ಪ್ಲಾಸ್ಟಿಕ್ ಕೊಡಾ ಸ್ಟೋವ್ ಬಾಜೂಕ ಇಟ್ಟಾಗ ಏನಾತು? ಕೊಡಾ ಹೋಗಿ ತಾಟ ಆತು. ನೀವು ಬಿಸಿ ಚಿಕ್ಕಿ ಬುಡಕ ಇದನ್ನ ಇಡಾಕ ಹೊಂಟೀರಿ."

ಹುಲಿಗೆಪ್ಪ ಬುಶ್ಶನ್ನು ಒಲೆಯಿಂದ ದೂರ ಹಿಡಿದ.

"ಇದು ಬ್ಯಾರೆ ಪ್ಲಾಸ್ಟಿಕ್ ಕಲ್ಲವ್ವಾ."

"ಕೊಡಾ ಮಾರಿದಾಂವನೂ ಹಂಗ ಅಂದಿದ್ದ," ಎಂದು ಅವಳು ಬುತ್ತಿಡಬ್ಬಿಗೆ ಹೋಳಿಗೆ ತುಂಬಿ ಕೈಗಿಟ್ಟಳು. "ಬಾರಾಮತಿಗೆ ಹೋಗೂದಾದ್ರ ಮೊದಲ ಹೇಳ್ರಿ. ಹಿಟ್ಟು ಹಾಕಿಸಿಕೊಂಡ ಬರ್ತೀನಿ, ಒಬ್ಬಾಕಿಗೆ ಎಷ್ಟು ಬೇಕಾದೀತು."

ಕಾರ್ಖಾನೆಯ ಗೇಟಿನೆದುರು ಉಡುಪಿ ಕಡೆಯ ರಘುರಾಮನ ಹೋಟೆಲು. ಪುಣೆಯ ಅರ್ಧ ಊರು ಅವನ ಇಡ್ಲಿ ತಿನ್ನುತ್ತಿತ್ತು, ಇನ್ನರ್ಧ ಅವನ ಸಲಹೆ ಕೇಳಿ ಕೆಟ್ಟಿತ್ತು. ಹುಲಿಗೆಪ್ಪನ ಮುಖ ನೋಡಿದವನೇ ಅವನು ಗಲ್ಲಾ ಬಿಟ್ಟು ಎದ್ದು ಬಂದ.

"ಎಂತ ಮಾರಾಯ್ರೆ, ಮುಖ ಉದ್ದಿನ ಹಿಟ್ಟಿನ ಹಾಗೆ ಆಗಿದೆಯಲ್ಲ. ಕೈಯಲ್ಲಿ ಎಂತದು ಅದು, ಬಾಟ್ಲಿಯ ಬಿರಡೆಯಾ?"

"ಬೇರಿಂಗ್ ರೀ. ಚಿಕ್ಕಿ ಮಷಿನ್ನಿಂದು."

"ಇದು ಬೇರಿಂಗ್? ಹಾಗಾದ್ರೆ ನಮ್ಮ ಚಟ್ನಿ ಪೈಂಟು." ರಘುರಾಮ ಅದನ್ನು ಬೆಳಕಿಗೆ ಹಿಡಿದು ನೋಡಿದ. "ಬಿಸಿ ತಡೀತದಾ ಇದು?"

"ತಡೀತದ ಅಂತ ಅಂಗಡಿಯಾಂವ ಹೇಳ್ಯಾನ."

"ಅಂಗಡಿಯವ ಹೇಳುದನ್ನು ನಂಬುದಾದ್ರೆ ನಾನು ಹೋಟ್ಲು ಮುಚ್ಚಿ ಅಂಗಡಿ ಇಡ್ತಿದ್ದೆ. ಪರೀಕ್ಷೆ ಮಾಡಿ ನೋಡುವ."

ಹುಲಿಗೆಪ್ಪ ಬೇಡ ಎನ್ನುವುದರೊಳಗೆ ಅವನು ಬುಶ್ಶನ್ನು ಒಲೆಯ ಮೇಲೆ ಕುದಿಯುತ್ತಿದ್ದ ಚಹಾದ ದೊಡ್ಡ ಕಿಟ್ಲಿಗೆ ಹಾಕಿ ಮುಚ್ಚಳ ಮುಚ್ಚಿದ. ಹೋಟೆಲಿನಲ್ಲಿ ಕೂತವರೆಲ್ಲ ತಟ್ಟೆ ಹಿಡಿದುಕೊಂಡೇ ಸುತ್ತ ನಿಂತರು. ಇಡ್ಲಿಯ ಒಂದು ಹಬೆ ಇಳಿಯುವಷ್ಟು ಹೊತ್ತಾದ ಮೇಲೆ ರಘುರಾಮ ಮುಚ್ಚಳ ತೆಗೆದು ಇಣುಕಿದ. ಹಬೆಗೆ ಅವನ ಕನ್ನಡಕ ಮಂಜಾಯಿತು. ಒರೆಸಿಕೊಂಡು ಮತ್ತೆ ಇಣುಕಿದ. ಒಳಗೆ ಹಳೆಯ ಬಾವಿಯಂತೆ ತಳ ಕಾಣದ ಚಹಾ ಮಾತ್ರ ಕಂಡಿತು. ಸೊಂಡಿಲಿನಿಂದ ಒಂದು ಗ್ಲಾಸಿಗೆ, ಎರಡು ಗ್ಲಾಸಿಗೆ, ಐದು ಗ್ಲಾಸಿಗೆ ಬಗ್ಗಿಸಿದ. ಚಹಾ ಬಂತು, ಬುಶ್ಶು ಬರಲಿಲ್ಲ.

"ಕರಗಿತು," ಎಂದ ರಘುರಾಮ. ವೈದ್ಯರು ಹೊರಗೆ ಬಂದು ಹೇಳುವ ದನಿಯಲ್ಲಿ.

"ಪೂರಾ?"

"ಪೂರಾ. ಎಲುಬು ಸಹ ಉಳೀಲಿಲ್ಲ."

ಆ ಚಹಾ ಕುಡಿದವನೊಬ್ಬ ಇವತ್ತು ಹಾಲು ಗಟ್ಟಿ ಇದೆ ಎಂದು ಹೊಗಳಿದ. ಹುಲಿಗೆಪ್ಪನಿಗೆ ಅದು ಕೇಳಿಸಲಿಲ್ಲ. ಅವನ ಕಿವಿಯಲ್ಲಿ ಆಗಲೇ ಕಬ್ಬು ಸರಸರ ಅನ್ನುತ್ತಿತ್ತು. ಬಿಸಿ ಬೆಲ್ಲ ಶಾಫ್ಟಿನ ಮೇಲೆ ಬೀಳುವುದು, ಗೂಡಿನೊಳಗೆ ಬುಶ್ಶು ಮೇಣದಂತೆ ಇಳಿಯುವುದು, ಶಾಫ್ಟು ನಾಲಿಗೆ ಚಾಚಿದ ಹೆಣದಂತೆ ನಿಲ್ಲುವುದು, ಸಾವಕಾರರು ನಗುವುದು. ಒಂದರ ಹಿಂದೆ ಒಂದು ಕಣ್ಣಿಗೆ ಕಟ್ಟಿದವು.

"ಈಗ ಏನ ಮಾಡ್ಲಿ ರಘುರಾಮಣ್ಣ?"

"ಮಾಡುದೆಂತ, ಗುಂಡಿನ ಬೇರಿಂಗ್ ತಂದು ಹಾಕಿ. ಉಕ್ಕಿಗೆ ಉಕ್ಕು. ಗುರುತಿನ ಅಂಗಡಿ ಇಲ್ವಾ ನಿಮ್ದು? ಜಾಕಡ ತಗೊಳ್ಳಿ. ನಡೆದ್ರೆ ಇಟ್ಕೊಳ್ಳುದು, ಇಲ್ಲದಿದ್ರೆ ವಾಪಾಸು ಕೊಡುದು. ಸೇಠ್ ನೋಡಿ ಹೋದ ಮೇಲೆ ಪುನಃ ಪ್ಲಾಸ್ಟಿಕ್ ಹಾಕಿ, ಯಾರಿಗೆ ಗೊತ್ತಾಗ್ತದೆ?"

ರಘುರಾಮನ ಸಲಹೆಯನ್ನು ಪಾಲಿಸಿ ಉದ್ಧಾರವಾದವರು ಇಲ್ಲ ಎಂಬುದು ಹುಲಿಗೆಪ್ಪನಿಗೂ ಗೊತ್ತಿತ್ತು. ಆದರೆ ಭಯ ಬಿದ್ದವನ ಕಾಲಿಗೆ ತಲೆಯ ಅಪ್ಪಣೆ ಬೇಡ. ಅವನು ಓಡಿದ. ಎಮ್ಮೆಗೆ ಕಾಯದೆ ನಾಶಿಕ ರಸ್ತೆ ದಾಟಿದ. ಅದನ್ನು ಕಂಡ ಎಮ್ಮೆಯೇ ಗಾಬರಿಯಾಗಿ ನಿಂತಿತು. ಗುರುತಿನ ಅಂಗಡಿಯಲ್ಲಿ ಕೈಮುಗಿದು, ಸಂಜೆಗೆ ತಿರುಗಿ ಕೊಡುತ್ತೇನೆಂದು ಹುಲಿಗೆಮ್ಮನ ಆಣೆ ಹಾಕಿ, ಗುಂಡು ತುಂಬಿದ ಎರಡು ಬೇರಿಂಗು ಜಾಕಡ ತಂದ. ಬೆಳ್ಳಿಯಂತೆ ಹೊಳೆಯುತ್ತಿದ್ದವು. ಅವನ್ನು ಬುತ್ತಿಡಬ್ಬಿಯೊಳಗೆ ಹೋಳಿಗೆಯ ಕೆಳಗೆ ಅಡಗಿಸಿ, ಕಳ್ಳನಂತೆ ಕಾರ್ಖಾನೆ ಹೊಕ್ಕ.

ಕಾರ್ಖಾನೆ ಆ ದಿನ ಮದುವಣಗಿತ್ತಿಯಾಗಿತ್ತು. ನೆಲ ತೊಳೆದಿದ್ದರು. ಲೇಥುಗಳಿಗೆ ಚೆಂಡುಹೂವಿನ ಮಾಲೆ, ಡ್ರಿಲ್ಲಿನ ಹಣೆಗೆ ವಿಭೂತಿ. ಮೂಲೆಯಲ್ಲಿ ಹಲಗೆ ಹಾಕಿ ಪೂಜೆಗೆ ಅಣಿ ಮಾಡಿದ್ದರು. ಹೊಸ ಮಷಿನ್ನೊಂದು ಮಾತ್ರ ಮಾಲೆಯಿಲ್ಲದೆ ನಡುವೆ ನಿಂತಿತ್ತು. ಸೇಠರು ನೋಡಿದ ಮೇಲೆಯೇ ಅದಕ್ಕೆ ಪೂಜೆ. ಹಿರಿಯ ಫಿಟರು ಅವಧೂತ ಹೊಸ ಧೋತರ ಉಟ್ಟು ಓಡಾಡುತ್ತಿದ್ದ. ನಿಪ್ಪಾಣಿಯವನು, ಕೆಲಸಕ್ಕಿಂತ ದೇವರೇ ಹೆಚ್ಚು ಎನ್ನುವ ಪೈಕಿ. ಸ್ಕ್ರೂ ತಪ್ಪಾಗಿ ತಿರುಗಿಸಿದರೂ ಪ್ರದಕ್ಷಿಣೆ ತಪ್ಪಾಗಿ ಹಾಕಿದವನಲ್ಲ.

ಹುಲಿಗೆಪ್ಪ ಅವನನ್ನು ಮಷಿನ್ನಿನ ಹಿಂದೆ ಎಳೆದ. "ಅವಧೂತ, ಉಸುರು ಬಿಡದಂಗ ಕೇಳು. ಗೂಡಿನ್ಯಾಗ ಇದ್ದ ಬಿಳಿ ಬುಶ್ ತಗದು ಇವನ್ನ ಹಾಕು. ಅಳತಿ ಒಂದ ಅದ. ಸಾವಕಾರ್ರಿಗೆ ಗೊತ್ತಾಗಬಾರ್ದು."

ಅವಧೂತ ಬೇರಿಂಗು ಕೈಗೆ ತಗೊಂಡು, ಅಂಟಿದ್ದ ತುಪ್ಪ ಒರೆಸಿ, ಕಣ್ಣಿಗೊತ್ತಿಕೊಂಡ. "ಭಾಳ ಚಂದ ಅದಾವ ಅಣ್ಣಾ, ಹೊಸಾವು. ಆದ್ರ ಇವತ್ತು ಒಂದು ಅಡಚಣಿ..."

"ಅಡಚಣಿ ಗಿಡಚಣಿ ಬ್ಯಾಡ. ನನ್ನ ಬಾರಾಮತಿಗೆ ಕಳಸ್ಬೇಕಂತ ಮಾಡೀ ಏನು?"

"ಹಂಗಲ್ಲ ಅಣ್ಣಾ..."

"ಹುಲಿಗೆಪ್ಪಾ," ಎಂದು ಸಾವಕಾರರ ಗಂಟಲು ಆಫೀಸಿನಿಂದ ಹೊರಟಿತು. ಆ ದನಿಗೆ ತಗಡಿನ ಮಾಡಿನ ಮೇಲೆ ಕೂತಿದ್ದ ಪಾರಿವಾಳಗಳು ನೇರ ಆಳಂದಿಗೆ ಹೋಗಿ ಇಳಿದವು ಎನ್ನುತ್ತಾರೆ. ಹುಲಿಗೆಪ್ಪ ಓಡಿದ.

ಸಾವಕಾರರು ಅವನನ್ನು ಬಿಡಲಿಲ್ಲ. ಮಾವಿನ ತೋರಣ ಕಟ್ಟಿಸಿದರು, ಕುರ್ಚಿ ಒರೆಸಲು ಹಚ್ಚಿದರು, ಸೇಠರಿಗೆ ಹಾಕುವ ಹಾರ ತರಿಸಿದರು. ಏಣಿಯ ಮೇಲೆ ನಿಂತು ತೋರಣ ಕಟ್ಟುತ್ತ ಹುಲಿಗೆಪ್ಪ ಕಿವಿ ಮಾತ್ರ ಮಷಿನ್ನಿನ ಕಡೆ ಚಾಚಿದ್ದ. ಸುತ್ತಿಗೆಯ ಪೆಟ್ಟು ಕೇಳಿಸಲಿಲ್ಲ, ಬೋಲ್ಟು ತಿರುಗಿಸುವ ಪಾನಾದ ಸದ್ದೂ ಇಲ್ಲ. ಕಳ್ಳ ಕೆಲಸವೆಂದು ಪಾಪ ಸದ್ದಿಲ್ಲದೆ ಮಾಡುತ್ತಿದ್ದಾನೆ, ದೇವರಂಥ ಮನುಷ್ಯ ಎಂದುಕೊಂಡ. ಇಳಿದು ಹೋದಾಗ ಗೂಡಿನ ಮೇಲೆ ಮುಚ್ಚಳ ಇತ್ತು. ಅವಧೂತ ದೂರದಿಂದಲೇ ಎರಡೂ ಕೈ ಎತ್ತಿ, ಎಲ್ಲ ಸುರಳೀತ ಎಂಬಂತೆ ಮುಗಿದ. ಮುಚ್ಚಳ ಎತ್ತಿ ನೋಡೋಣವೆಂದರೆ ಸಾವಕಾರರು ಅಲ್ಲೇ ಕುರ್ಚಿ ಹಾಕಿಕೊಂಡು ಕೂತುಬಿಟ್ಟರು.

ಮಧ್ಯಾಹ್ನ ರಘುರಾಮ ತಾನೇ ಕಿಟ್ಲಿ ಹಿಡಿದುಕೊಂಡು ಚಹಾ ತಂದ. ಏನಾಯಿತೆಂದು ನೋಡದೆ ಅವನಿಗೆ ತಡೆಯದು. ಎಲ್ಲರಿಗೂ ಕೊಟ್ಟು, ಬಾಗಿಲಿನಾಚೆ ಕೂತಿದ್ದ ಹುಲಿಗೆಪ್ಪನ ಪಾಳಿ ಬಂದಾಗ ಸೊಂಡಿಲಿನಿಂದ ಚಹಾ ಬರುವುದು ನಿಂತಿತ್ತು. ಮುಚ್ಚಳ ತೆಗೆದು ಕಿಟ್ಲಿಯನ್ನೇ ಗ್ಲಾಸಿನ ಮೇಲೆ ಬೋರಲು ಹಾಕಿದ. ನಾಲ್ಕು ಹನಿ ಚಹಾ, ಒಂದಿಷ್ಟು ಶುಂಠಿ, ಅದರ ಹಿಂದೆಯೇ ಡುಬಕ್ಕನೆ ಬಿಳಿ ಬುಶ್ಶು.

ಹುಲಿಗೆಪ್ಪ ಅದನ್ನು ಬೆರಳಿನಿಂದ ಎತ್ತಿದ. ಬೆಳಗಿನಿಂದ ಕುದ್ದಿತ್ತು. ಒಂದು ಕೂದಲೆಳೆಯಷ್ಟೂ ಸೊಟ್ಟಗಾಗಿರಲಿಲ್ಲ. ಬಣ್ಣ ಮಾತ್ರ ಸ್ವಲ್ಪ ಚಹಾದ ಕಡೆ ವಾಲಿತ್ತು.

"ಕರಗಿಲ್ಲ," ಎಂದ.

ರಘುರಾಮ ಬುಶ್ಶನ್ನು ನೋಡಿದ, ಹುಲಿಗೆಪ್ಪನನ್ನು ನೋಡಿದ. "ಭಾರೀ ಒಳ್ಳೆ ಪ್ಲಾಸ್ಟಿಕ್ ಮಾರಾಯ್ರೆ. ಇದನ್ನು ಬಿಟ್ಟು ಗುಂಡಿನದ್ದು ಹಾಕ್ಲಿಕ್ಕೆ ನಿಮ್ಗೆ ಯಾರು ಹೇಳಿದ್ದು?" ಎಂದವನೇ ಖಾಲಿ ಕಿಟ್ಲಿ ಎತ್ತಿಕೊಂಡು ನಡೆದ.

ಬೆಳಗಿನಿಂದ ಹುಲಿಗೆಪ್ಪನನ್ನು ಒಂದು ಭಯ ಮುಂದಿನಿಂದ ನೂಕುತ್ತಿತ್ತು; ಈಗ ಇನ್ನೊಂದು ಹಿಂದಿನಿಂದ ನೂಕತೊಡಗಿತು. ಸೋವಿಯ, ಗಟ್ಟಿಯಾದ ಬುಶ್ಶು ತೆಗೆಸಿ, ಸಾವಕಾರರ ರಕ್ತ ಹೀರುವ ಬೆಲೆಯ ಬೇರಿಂಗು ಕಳ್ಳತನದಿಂದ ಹಾಕಿಸಿದ್ದಾನೆ. ಶಾಫ್ಟಿನ ಮೇಲೆ ಒಮ್ಮೆ ಓಡಿ, ಬೆಲ್ಲ ಮೆತ್ತಿದ ಬೇರಿಂಗನ್ನು ಯಾವ ಅಂಗಡಿಯವನು ತಿರುಗಿ ತಗೊಂಡಾನು? ನಾಳೆ ಅವನು ಸಾವಕಾರರ ಬಾಗಿಲಿಗೇ ಬಂದು ನಿಲ್ಲುತ್ತಾನೆ. ಅವಧೂತನನ್ನು ಹುಡುಕಿ ಎಲ್ಲ ಮೊದಲಿನಂತೆ ಮಾಡಿಸಬೇಕೆಂದು ಎದ್ದ. ಗೇಟಿನಲ್ಲಿ ಕಾರಿನ ಹಾರನ್ನು ಕೇಳಿಸಿತು.

ಕೃಷ್ಣಾಜಿ ಸೇಠರು ಇಳಿದರು. ಮೈ ಎಂದರೆ ಒಂದು ಲಾರಿ ಬೆಲ್ಲ, ಮೀಸೆ ಎಂದರೆ ಅದನ್ನು ಕಾಯುವ ಎರಡು ನಾಯಿ. ಹುಟ್ಟಿದ್ದು ಸೊಲ್ಲಾಪುರದಲ್ಲಿ, ಕನ್ನಡವನ್ನು ಮರಾಠಿಯಲ್ಲಿ ಅದ್ದಿ ತೆಗೆದು ಆಡುತ್ತಿದ್ದರು. ಹಾರ ಹಾಕಿಸಿಕೊಂಡು, ಚಹಾ ಬೇಡವೆಂದು, ತಾವೇ ತಂದಿದ್ದ ಪಾತೇಲಿಯಲ್ಲಿ ಬೆಲ್ಲ, ಶೇಂಗಾ ಕುದಿಸಲು ಹೇಳಿದರು.

"ಚಲಾ, ಚಾಲೂ ಮಾಡ್ರಿ."

ಅವಧೂತ ಗುಂಡಿ ಒತ್ತಿದ. ಹುಲಿಗೆಪ್ಪ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನೊಳಗೂ ಕಬ್ಬು ಬೆಳೆದಿತ್ತು. ಕಿವಿ ಮುಚ್ಚಲು ಕೈ ಬರಲಿಲ್ಲ, ಏಕೆಂದರೆ ಕೈ ಎರಡೂ ಕಂಬವನ್ನು ತಬ್ಬಿಕೊಂಡಿದ್ದವು. ಗುಂಡುಗಳು ಕಟಕಟ ಅನ್ನುವುದನ್ನು ಕಾಯ್ದ. ಏನೂ ಕೇಳಿಸಲಿಲ್ಲ. ಬೆಕ್ಕು ಹಾಲಿನ ಮೇಲೆ ನಡೆದಂತೆ ಶಾಫ್ಟು ಹೋಗಿ ಬರುತ್ತಿತ್ತು. ಬೆಲೆ ಕೊಟ್ಟರೆ ಬೇರಿಂಗು ಬಾಯಿ ಮುಚ್ಚಿಕೊಂಡಿರುತ್ತದೆ ಎಂದುಕೊಂಡ ಹುಲಿಗೆಪ್ಪ, ಒಂದು ಕಣ್ಣು ತೆರೆದು.

ಸೇಠರು ಬೇಕೆಂದೇ ಕುದಿಯುವ ಬೆಲ್ಲವನ್ನು ಸೌಟಿನಲ್ಲಿ ಎತ್ತಿ ಶಾಫ್ಟಿನ ಮೇಲೆ ಸುರಿದರು. ಹುಲಿಗೆಪ್ಪನ ಗುಂಡಿಗೆ ನಿಂತಿತು, ಶಾಫ್ಟು ನಿಲ್ಲಲಿಲ್ಲ. ಬೆಲ್ಲವನ್ನು ಗೂಡಿನ ಬಾಯಿಯಲ್ಲಿ ಒರೆಸಿ ಒಗೆದು ಮತ್ತೆ ಹೊರಗೆ ಬಂತು. ಇನ್ನೊಂದು ಸೌಟು. ಒಂದು ತಂಬಿಗೆ ನೀರು. ಒಂದು ಹಿಡಿ ಶೇಂಗಾ ಸಿಪ್ಪೆಯ ಪುಡಿ. ಮಷಿನ್ನು ಎಲ್ಲವನ್ನೂ ಸೊಸೆಯಂತೆ ಸಹಿಸಿಕೊಂಡಿತು. ಚಿಕ್ಕಿಯ ತುಂಡುಗಳು ಒಂದೇ ಅಳತೆಯಲ್ಲಿ ಸಾಲಾಗಿ ಬಿದ್ದವು.

"ಕಮಾಲ್ ಅದ," ಎಂದರು ಸೇಠರು, ಒಂದು ತುಂಡು ಕಡಿಯುತ್ತ. "ಬಸವಪ್ರಭು, ಈ ಶಾಫ್ಟಿಗೆ ಬೇರಿಂಗ್ ಯಾವ್ದು ಹಾಕೀರಿ?"

ಸಾವಕಾರರಿಗೆ ಅದು ಗೊತ್ತಿದ್ದರೆ ತಾನೆ. "ಹೇಳು ಹುಲಿಗೆಪ್ಪ," ಎಂದು ನಕ್ಕರು. ಈ ಸಲದ್ದು ನಿಜವಾದ ನಗು. ಇಂಥದು ಭೋಸರಿಯಲ್ಲಿ ಗ್ರಹಣಕ್ಕಿಂತ ಅಪರೂಪ.

ಹುಲಿಗೆಪ್ಪನ ತಲೆ ಗಡಿಯಾರದಂತೆ ಓಡಿತು. ನಾಳೆ ಅಂಗಡಿಯವನು ಬಂದೇ ಬರುತ್ತಾನೆ. ಆಗ ಸಿಕ್ಕಿಬಿದ್ದರೆ ಬಾರಾಮತಿಯೂ ಸಾಲದು. ಈಗಲೇ ಒಪ್ಪಿಕೊಂಡರೆ ಈ ನಗುವಿನ ನೆರಳಿನಲ್ಲಿ ಪಾರಾಗಬಹುದು. ಸ್ವಲ್ಪ ಬೆಳೆಸಿ ಹೇಳಿದರೆ ಶಾಭಾಸಿಯೂ ಸಿಗಬಹುದು. ಕಂಬ ಬಿಟ್ಟು ಮುಂದೆ ಬಂದ. ಹುಟ್ಟಿದಾಗಿನಿಂದ ದೇವಿ ಬಾಕಿ ಇಟ್ಟಿದ್ದ ಧೈರ್ಯವೆಲ್ಲ ಆ ಗಳಿಗೆಯಲ್ಲಿ ಒಟ್ಟಿಗೆ ಬಂದು ಗಂಟಲಿನಲ್ಲಿ ಕೂತಿತು.

"ಖರೇ ಹೇಳ್ತೀನ್ರಿ ಸೇಠ. ಸಾವಕಾರ್ರು ಸೋವಿ ಇರಲಿ ಅಂದ್ರು. ಅವರ ಮಾತಿಗೆ ಮೊದಲ ಪ್ಲಾಸ್ಟಿಕ್ ಬುಶ್ ಹಾಕಿದ್ವಿ. ಆ ಪ್ಲಾಸ್ಟಿಕ್ ವಿಚಾರ ಪೂರಾ ಅವರದರಿ, ನಂದೇನೂ ಇಲ್ಲ. ನನ್ನ ಮನಸ್ಸು ಒಪ್ಪಲಿಲ್ಲ. ಸೇಠರ ಮಷಿನ್, ಹಿಂತಾ ಹಲ್ಕಾ ಮಾಲು ಹಾಕೂದ? ಅದನ್ನ ಕಿತ್ತ ಒಗದು, ಒಂದನೇ ನಂಬರ್ ಗುಂಡಿನ ಬೇರಿಂಗ್ ತಂದು ನಾನ ಹಾಕ್ಸೀನಿ. ಅದಕ್ಕ ಹಿಂಗ ನಡದದ."

ಸಾವಕಾರರ ನಗು ಮುಖದ ಮೇಲೆಯೇ ಸತ್ತಿತು. ಅದಕ್ಕಿಂತ ಭಯಂಕರವಾದದ್ದು ಸೇಠರ ಮುಖ. ಕಡಿಯುತ್ತಿದ್ದ ಚಿಕ್ಕಿಯನ್ನು ಅವರು ಕೆಳಗಿಟ್ಟರು. ಮೀಸೆಯ ಎರಡೂ ನಾಯಿ ಎದ್ದು ನಿಂತವು.

"ಗುಂಡಿನ ಬೇರಿಂಗ್?"

"ಹೌದ್ರಿ," ಎಂದ ಹುಲಿಗೆಪ್ಪ, ಧೈರ್ಯ 'ಹೌ' ತನಕ ಮಾತ್ರ ಇತ್ತು.

"ಅರೆ ಬಾಬಾ, ಪಹಿಲಾ ಮಷಿನ್ದಾಗ ಅದ ಇತ್ತು. ವಾರದಾಗ ಬೆಲ್ಲದ ಪುಡಿ ಒಳಗ ಹೋಗಿ, ಗುಂಡು ಗುಂಡಿಗೆ ಅಂಟಿ ಖುದ್ದ ಚಿಕ್ಕಿ ಆತು. ದಿವಾಳಿ ಸೀಜನ್ ಪೂರಾ ಹಾಳ. ಗುಂಡಿಂದು ಬ್ಯಾಡ ಅಂತ ನಾ ಹತ್ತು ಸಲ ಹೇಳೀನೊ ಇಲ್ಲೊ ಬಸವಪ್ರಭು? ಆರ್ಡರ್ ಕ್ಯಾನ್ಸಲ್." ಆ ಹತ್ತರಲ್ಲಿ ಒಂದು ಸಲವೂ ಸಾವಕಾರರು ಅದನ್ನು ಹುಲಿಗೆಪ್ಪನಿಗೆ ದಾಟಿಸಿರಲಿಲ್ಲ.

"ಸೇಠ, ಒಂದ ನಿಮಿಷ..." ಎಂದರು ಸಾವಕಾರರು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಆಳಂದಿಗೆ ಹೋದ ಪಾರಿವಾಳಗಳು ಅದೇ ಹೊತ್ತಿಗೆ ಮರಳಿ ಬಂದಿರಬೇಕು. ನಂತರ ಅವರು ಹುಲಿಗೆಪ್ಪನ ಕಡೆ ತಿರುಗಿ ನಕ್ಕರು. ಹಳೆಯ ನಗು.

ಹುಲಿಗೆಪ್ಪ ಮತ್ತೆ ಕಂಬದ ಬುಡ ಸೇರಿದ. ಸೇಠರು ಮಷಿನ್ನು ನಿಲ್ಲಿಸಲು ಹೇಳಿ, ತಾವೇ ಗೂಡಿನ ಮುಚ್ಚಳಕ್ಕೆ ಕೈ ಹಾಕಿ ಎತ್ತಿದರು. ಬಗ್ಗಿ ನೋಡಿದರು. ಬಗ್ಗಿದವರು ಬಗ್ಗಿಯೇ ಇದ್ದರು.

"ಇದು ಏನ?"

ಗೂಡಿನೊಳಗೆ ಎರಡು ಬಿಳಿ ಪ್ಲಾಸ್ಟಿಕ್ ಬುಶ್ಶು, ಹಾಲುಹಲ್ಲಿನಂತೆ ಶುಭ್ರವಾಗಿ, ಶಾಫ್ಟನ್ನು ಕಚ್ಚಿ ಹಿಡಿದು ಕೂತಿದ್ದವು.

"ಅವಧೂತ," ಎಂದ ಹುಲಿಗೆಪ್ಪ, ಯಾರದೋ ದನಿಯಲ್ಲಿ.

"ಅಣ್ಣಾ, ನಾ ಆಗ ಹೇಳಾಕ ಹೋಗಿದ್ದೆ, ನೀವ ಕೇಳ್ಲಿಲ್ಲ," ಎಂದ ಅವಧೂತ ಕೈಮುಗಿದು. "ಪಾನಾ, ಪಕ್ಕಡ, ಸುತ್ತಗಿ, ಎಲ್ಲಾ ಮುಂಜಾನೆನ ಪೂಜಾಕ್ಕ ಕುಂಡ್ರಿಸಿಬಿಟ್ಟಿದ್ದೆ. ಕುಂತ ಹತ್ಯಾರ ನಾಳೆ ಬನ್ನಿ ಮುಡಿಯೂ ತನಕ ಎತ್ತಂಗಿಲ್ಲ. ಬರೇ ಕೈಲೆ ಬುಶ್ ಹೆಂಗ ಕೀಳಲಿ? ಅದಕ್ಕ ನೀವ ಕೊಟ್ಟ ಹೊಸಾ ಸಾಮಾನೂ ದೇವರ ಮುಂದ ಇಟ್ಟೀನಿ. ಹೊಸಾದು ಅಲ್ಲೇನು, ಪೂಜಿ ಆಗಬೇಕಲ್ಲ."

ಎಲ್ಲರೂ ಮೂಲೆಯ ಹಲಗೆಯ ಕಡೆ ತಿರುಗಿದರು. ಪಾನಾಗಳ ನಡುವೆ, ಹೊಟ್ಟೆತುಂಬ ಕುಂಕುಮ ಹಚ್ಚಿಸಿಕೊಂಡು, ತಲೆಯ ಮೇಲೆ ಒಂದೊಂದು ಚೆಂಡುಹೂವು ಇಟ್ಟುಕೊಂಡು, ಎರಡು ಗುಂಡಿನ ಬೇರಿಂಗು ಜಂಗಮರಂತೆ ಕೂತಿದ್ದವು.

ಮೊದಲು ಅಲುಗಾಡಿದ್ದು ಸೇಠರ ಹೊಟ್ಟೆ. ಆ ನಗು ಹೊಟ್ಟೆಯಿಂದ ಮೀಸೆಗೆ ಏರಿ, ಅಲ್ಲಿಂದ ತಗಡಿನ ಮಾಡಿಗೆ ಬಡಿಯಿತು.

"ಪ್ಲಾಸ್ಟಿಕ್, ಅಂ? ಎಣ್ಣಿ ಇಲ್ಲ, ಗುಂಡು ಇಲ್ಲ. ಈ ಅಕ್ಕಲ ಯಾರದು ಬಸವಪ್ರಭು?"

ಹುಲಿಗೆಪ್ಪ ಬಾಯಿ ತೆರೆದ. ಮೂರು ದಿನ ಪೇಟೆ ಅಲೆದು ಆರಿಸಿದ್ದು ತಾನೇ ಎಂದು ಹೇಳಲು. ಅಷ್ಟರಲ್ಲಿ ಸಾವಕಾರರು ಎದೆ ಮುಂದೆ ಮಾಡಿ ನಿಂತಿದ್ದರು.

"ಈಗ ಅವನ ಬಾಯಿಲೆನ ಕೇಳಿದ್ರಲ್ಲ ಸೇಠ. ಪೂರಾ ನಂದ ವಿಚಾರ. ಇಂವ ಹೆದರಿ ಕೀಳಾಕ ಹೋಗಿದ್ದ. ದೇವರು ಉಳಿಸಿದ."

"ಹಂಗಲ್ರಿ ಸಾವಕಾರ್ರ..."

"ಸುಮ್ಮಕಿರು."

ಸೇಠರು ಇನ್ನೂ ನಾಲ್ಕು ಮಷಿನ್ನು ಬೇಕೆಂದರು. ಆಮೇಲೆ ಸ್ವಲ್ಪ ಯೋಚಿಸಿ, "ಆದ್ರ ಪ್ಲಾಸ್ಟಿಕ್ ಅಲ್ಲ? ಸೀಜನ್ನ್ಯಾಗ ನಡಬರಕ ಸವದ್ರ ಯಾರನ್ನ ಹಿಡೀಲಿ? ಗ್ಯಾರಂಟಿ ಏನ?" ಎಂದರು.

ಸಾವಕಾರರು ಸುತ್ತ ನೋಡಿದರು. ಕಂಬದ ಬುಡದಲ್ಲಿ ನಡುಗುತ್ತಿದ್ದ ಹುಲಿಗೆಪ್ಪನ ಮೇಲೆ ಕಣ್ಣು ನಿಂತಿತು. ಅವನ ಭುಜದ ಮೇಲೆ ಕೈಯಿಟ್ಟು ಮುಂದೆ ತಂದರು.

"ಇಂವ ಗ್ಯಾರಂಟಿ. ನಾಳೆ ಮಷಿನ್ ಸಂಗಾಟ ಲೋಣಾವಳಾಕ್ಕ ಕಳಸ್ತೀನಿ. ನಿಮ್ಮ ಗೋದಾಮಿನ್ಯಾಗ ಮಷಿನ್ ಬಾಜೂಕ ಒಂದು ಹಾಸಿಗಿ ಹಾಕಿ ಕೊಡ್ರಿ. ಹಿಂತಾ ಅಂಜಬುರಕ ಪುಣೆದಾಗ ಮತ್ತೊಬ್ಬ ಇಲ್ಲ. ಬುಶ್ ಕೆಡೂದಕ್ಕ ಎಂಟ ದಿನಾ ಮೊದಲ ಇಂವ ಒದರ್ತಾನ."

"ಎಷ್ಟ ದಿನಾ ಇಡೂದು?"

"ಬುಶ್ ಸವಿಯೂ ತನಕ. ಸವದ ದಿನಾ ಹೊಸಾದು ಹಾಕಿ ವಾಪಸ್ ಬರ್ತಾನ."

"ಸಾವಕಾರ್ರ, ಬಾರಾಮತಿ..." ಎಂದ ಹುಲಿಗೆಪ್ಪ.

"ಮಷಿನ್ ನಿಂತಿಲ್ಲಲ್ಲೊ. ನಾ ಮಾತಿಗೆ ತಪ್ಪಾಂವ ಅಲ್ಲ. ಬಾರಾಮತಿ ರದ್ದ."

ಸಂಜೆ ಕಾಯಿ ಒಡೆದರು, ಆರತಿಯಾಯಿತು. ಹೊಸ ಮಷಿನ್ನಿಗೂ ಮಾಲೆ ಬಿತ್ತು. ಎಲ್ಲರೂ ಪ್ರಸಾದಕ್ಕೆ ಹೋದ ಮೇಲೆ ಹುಲಿಗೆಪ್ಪ ಮಷಿನ್ನಿನ ಬಳಿ ಕುಕ್ಕರಗಾಲಿನಲ್ಲಿ ಕೂತ. ಘಾಟಿನ ಮಂಜು, ಬೆಲ್ಲದ ಗೋದಾಮು, ಇಲಿಗಳು, ಒಂದೇ ಹಾಸಿಗೆ. ಅವಧೂತ ಪ್ರಸಾದ ತಂದು ಪಕ್ಕದಲ್ಲಿ ಕೂತ.

"ಅವಧೂತ," ಎಂದ ಹುಲಿಗೆಪ್ಪ, ಪ್ರಸಾದದ ಕೈಯನ್ನೇ ಹಿಡಿದುಕೊಂಡು, "ಖರೇ ಹೇಳು. ಈ ಬುಶ್ ಸವಿಯಾಕ ಎಷ್ಟ ದಿನಾ ಹಿಡೀತದ?"

ಅವಧೂತ ಮುಚ್ಚಳ ಎತ್ತಿದ. ಇಡೀ ಮಧ್ಯಾಹ್ನ ಬೆಲ್ಲ, ನೀರು, ಪುಡಿ ತಿಂದ ಬುಶ್ಶಿನ ಒಳಮೈಯನ್ನು ಉಗುರಿನಿಂದ ಕೆರೆದು ನೋಡಿದ. ಉಗುರಿಗೆ ಏನೂ ಹತ್ತಲಿಲ್ಲ. ಅವನ ಮುಖ ಮೆಚ್ಚುಗೆಯಿಂದ ಅರಳಿತು.

"ಭಾಳ ಛಲೋ ಮಾಲು ಹುಡುಕಿ ತಂದೀರಿ ಹುಲಿಗೆಪ್ಪಣ್ಣ. ನಾವ ಇಬ್ಬರೂ ಸವದ ಹೋಗ್ತೀವಿ, ಇದು ಸವಿಯಂಗಿಲ್ಲ."